ಹೊಟ್ಟೆಯೊಳಗೆ ಅದೇ ಜಾಗಕ್ಕೆ ಮತ್ತೆ

ಎಂಡೋಸ್ಕೋಪಿ ಕೋಣೆಗೆ ಹೊಸದಾಗಿ ಬರುವ ಡಾಕ್ಟರರು ಮೊದಲು ಕೇಳುವುದು, ಕೊಳವೆಯನ್ನು ಗಂಟಲಿನಿಂದ ಇಳಿಸುವುದು ಹೇಗೆ ಎಂದು. ಅದು ಕೆಲವೇ ತಿಂಗಳಲ್ಲಿ ಕೈಗೆ ಕೂರುತ್ತದೆ. ನನ್ನನ್ನು ಇಡೀ ವೃತ್ತಿಯುದ್ದಕ್ಕೂ ಕಾಡಿದ್ದು ಬೇರೆ ಪ್ರಶ್ನೆ. ಇವತ್ತು ನೋಡಿ, ಚಿಮಟದಿಂದ ಚೂರು ತೆಗೆದು ಬಂದ ಜಾಗಕ್ಕೆ ನಾಲ್ಕಾರು ವಾರ ಬಿಟ್ಟು ಮತ್ತೆ ಹೋಗುವುದು ಹೇಗೆ? ವಿಜಯಪುರದ ಒಂದು ಆಸ್ಪತ್ರೆಯಲ್ಲಿ ಹೊಟ್ಟೆಯ ಡಾಕ್ಟರಾಗಿ ದುಡಿದು ಈಗ ಮನೆಯಲ್ಲಿದ್ದೇನೆ. ಯಾವಾಗ ಯಾವ ಹುದ್ದೆ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಆ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದ ಬಗೆಯನ್ನಷ್ಟೇ ಹೇಳುತ್ತೇನೆ. ಈ ಕೆಲಸಕ್ಕೆ ಕೈಹಾಕುವ ಹುಡುಗಿಯರಿಗೂ ಹುಡುಗರಿಗೂ ಅದೇ ಉಪಯೋಗಕ್ಕೆ ಬಂದೀತು.

ಪುಸ್ತಕದ ಚಿತ್ರದಲ್ಲಿ ಹೊಟ್ಟೆ ಒಂದು ಚಂದದ ಚೀಲ. ಅದಕ್ಕೆ ಮೇಲು, ಕೆಳಗು, ದೊಡ್ಡ ಬಾಗು, ಸಣ್ಣ ಬಾಗು ಎಂದು ಹೆಸರುಗಳಿವೆ. ಒಳಗೆ ಹೋದರೆ ಆ ಹೆಸರುಗಳೆಲ್ಲ ಮರೆತುಹೋಗುತ್ತವೆ. ಗಾಳಿ ತುಂಬಿದರೆ ಹೊಟ್ಟೆ ಉಬ್ಬುತ್ತದೆ, ಬಿಟ್ಟರೆ ಕುಗ್ಗುತ್ತದೆ. ನಡುನಡುವೆ ಅಲೆ ಎದ್ದಂತೆ ಗೋಡೆಯೇ ಮುಂದಕ್ಕೆ ನಡೆಯುತ್ತದೆ. ಮಡಿಕೆಯ ಪಕ್ಕದಲ್ಲಿ ಮಡಿಕೆ, ಎಲ್ಲವೂ ಒಂದೇ ಗುಲಾಬಿ ಬಣ್ಣ. ಉಸಿರು ಎಳೆದಾಗ ಕಂಡದ್ದು ಉಸಿರು ಬಿಟ್ಟಾಗ ಮರೆಯಾಗುತ್ತದೆ. ಅದರೊಳಗೆ ಜೋಳದ ಕಾಳಿನಷ್ಟು ಜಾಗದ ಬಣ್ಣ ತುಸು ಮಾಸಿದ್ದರೆ ಅದು ಸುಮ್ಮನೆ ಉರಿಯೂತವೋ, ಕ್ಯಾನ್ಸರಿನ ಮೊದಲ ಹೆಜ್ಜೆಯೋ ಎಂದು ಕಣ್ಣಿನಿಂದ ಹೇಳಲಾಗುವುದಿಲ್ಲ. ಚೂರು ತೆಗೆದು ಲ್ಯಾಬಿಗೆ ಕಳಿಸಬೇಕು. ವರದಿ ಬರುವಷ್ಟರಲ್ಲಿ ಮಾತ್ರೆಯಿಂದ ಉರಿಯೂತ ಇಳಿದಿರುತ್ತದೆ, ಚಿವುಟಿದ ಗಾಯ ಮಾಯ್ದಿರುತ್ತದೆ. ವರದಿ ಕೆಟ್ಟದ್ದು ಬಂದರೆ ಹುಡುಕಾಟ ಶುರು.

ನನಗೆ ಈ ವಿದ್ಯೆ ಕಲಿಸಿದವರು ಡಾಕ್ಟರ್ ಹಂಚಿನಾಳ. ವಿಭಾಗದ ಮುಖ್ಯಸ್ಥರು, ಬಾಯಲ್ಲಿ ಯಾವಾಗಲೂ ಲವಂಗ. ನಾನು ಸೇರಿದಾಗ ನಮ್ಮಲ್ಲಿ ಒಳಗಿನ ಚಿತ್ರ ತೋರಿಸುವ ಪರದೆ ಇರಲಿಲ್ಲ. ಕೊಳವೆಯ ತುದಿಯಲ್ಲಿದ್ದ ಗಾಜಿಗೆ ಒಬ್ಬರೇ ಕಣ್ಣಿಟ್ಟು ನೋಡಬೇಕಿತ್ತು. ಹಂಚಿನಾಳರು ನೋಡುತ್ತ ಕೂಗಿ ಹೇಳುತ್ತಿದ್ದರು, ನಾನು ಕೇಸ್ ಪೇಪರಿನ ಮೇಲೆ ಹೊಟ್ಟೆಯ ಗೆರೆಚಿತ್ರ ಬರೆದು ಗುರುತು ಹಾಕುತ್ತಿದ್ದೆ. ಅವರು "ಸ್ವಲ್ಪ ಕೆಳಗ" ಅಂದರೆ ಎಷ್ಟು ಕೆಳಗೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆದರೆ ಅವರಿಂದ ನಾನು ಕಲಿತ ದೊಡ್ಡ ಪಾಠ ಅವಸರ ಮಾಡದಿರುವುದು. ಹೊರಗೆ ಎಷ್ಟೇ ಜನ ಕಾದಿರಲಿ, ಒಳಗಿರುವ ಹೊಟ್ಟೆಯ ಮುಂದೆ ಅವರು ಬಿಡುವಾಗಿ ಕೂತವರಂತೆ ಇರುತ್ತಿದ್ದರು.

ಆಮೇಲೆ ಪರದೆ ಬಂತು, ಫೋಟೋ ತೆಗೆಯುವ ಅನುಕೂಲ ಬಂತು. ಇನ್ನು ತೊಂದರೆ ಇಲ್ಲ ಎಂದು ನಾವೆಲ್ಲ ಹಿಗ್ಗಿದೆವು. ಆ ಹಿಗ್ಗನ್ನು ಇಳಿಸಿದ್ದು ಇಟ್ಟಂಗಿಹಾಳದ ಸಿದ್ದರಾಮಪ್ಪನ ಪ್ರಕರಣ.

ಸಿದ್ದರಾಮಪ್ಪ ಹೊಲದ ಕೆಲಸದ ಜೊತೆಗೆ ಊರಿನ ಭಜನಾ ಮೇಳದಲ್ಲಿ ತಾಳ ಹಾಕುವವನು, ಮಾತುಗಾರ. ಎದೆಯುರಿ ಎಂದು ಬಂದಿದ್ದ. ತೆಗೆದ ಚೂರುಗಳಲ್ಲಿ ಒಂದರಲ್ಲಿ ಕೋಶಗಳ ರೂಪ ಕೆಟ್ಟಿದೆ, ಮತ್ತೆ ನೋಡಿ ಎಂದು ವರದಿ ಬಂತು. ಮತ್ತೆ ನೋಡಿದೆವು. ಹಳೆಯ ಫೋಟೋವನ್ನು ಕೈಯಲ್ಲಿ ಹಿಡಿದು ಹಂಚಿನಾಳರೂ ನಾನೂ ಒಬ್ಬರಾದ ಮೇಲೆ ಒಬ್ಬರು ಹುಡುಕಿದೆವು. ಫೋಟೋದಲ್ಲಿದ್ದದ್ದು ಒಂದು ಗುಲಾಬಿ ಮಡಿಕೆ. ಅಂಥ ಮಡಿಕೆಗಳು ಎದುರಿಗೆ ಹತ್ತಾರು. ಅಂದಾಜಿನ ಮೇಲೆ ತೆಗೆದ ಚೂರುಗಳೆಲ್ಲ ಚೊಕ್ಕ ಎಂದು ವರದಿ ಬಂತು. ಮೂರನೆಯ ಸಲವೂ ಹಾಗೆಯೇ. ಸಿದ್ದರಾಮಪ್ಪನಿಗೆ ಖುಷಿ. ನಾವು ಚೊಕ್ಕ ವರದಿಯನ್ನು ನಂಬಬೇಡ, ತಪ್ಪದೆ ಬರುತ್ತಿರು ಎಂದು ಹೇಳಿದೆವು. ಅವನು ಕೆಲವು ಸಲ ಬಂದ, ಆಮೇಲೆ ಬಿಟ್ಟ. ಮತ್ತೆ ಬಂದಾಗ ಅವನ ಅಂಗಿ ಮೈಮೇಲೆ ಜೋತಾಡುತ್ತಿತ್ತು. ಆಗ ಆ ಜಾಗವನ್ನು ಯಾರೂ ಹುಡುಕಬೇಕಾಗಿರಲಿಲ್ಲ, ಕೊಳವೆ ಇಳಿಸುತ್ತಲೇ ಎದುರಿಗಿತ್ತು. ಕೈಮೀರಿತ್ತು. ಅವನ ಹೆಂಡತಿ ನನ್ನನ್ನು ಬಯ್ಯಲಿಲ್ಲ. ಒಂದೇ ಮಾತು ಕೇಳಿದಳು.

"ಮೊದಲ ಕಂಡಿತ್ತಲ್ರಿ ಬಾಯಾರ, ಮತ್ತ ಹೆಂಗ ತಪ್ಪಿತ್ರಿ?"

ನಾವು ಮಾಡಬಹುದಾದದ್ದನ್ನೆಲ್ಲ ಮಾಡಿದ್ದೆವು. ಆದರೆ ಒಮ್ಮೆ ಕಂಡ ಜಾಗಕ್ಕೆ ಮತ್ತೆ ಹೋಗುವ ದಾರಿ ನಮ್ಮ ವಿದ್ಯೆಗೇ ಆಗ ಗೊತ್ತಿರಲಿಲ್ಲ.

ಅಲ್ಲಿಂದ ಮುಂದೆ ಗುರುತು ಉಳಿಸುವ ಉಪಾಯಗಳನ್ನೆಲ್ಲ ಪ್ರಯೋಗ ಮಾಡಿದೆವು. ಚಿವುಟಿದ ಜಾಗದ ಪಕ್ಕದಲ್ಲಿ ಸೂಜಿಯಿಂದ ಕಪ್ಪು ಶಾಯಿ ಚುಚ್ಚಿ ನೋಡಿದೆವು. ಒಬ್ಬರಲ್ಲಿ ಅದು ಸರಿಯಾಗಿ ನಿಂತರೆ ಇನ್ನೊಬ್ಬರಲ್ಲಿ ಹರಡಿ ಅಂಗೈಯಗಲ ಕಪ್ಪಾಗುತ್ತಿತ್ತು. ಸಣ್ಣ ಲೋಹದ ಕ್ಲಿಪ್ ಕಚ್ಚಿಸಿದೆವು. ಅದು ಕೆಲವು ದಿನಕ್ಕೆ ಕಳಚಿಕೊಂಡು ತನ್ನ ದಾರಿ ಹಿಡಿದು ಹೊರಗೆ ಹೋಗುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಎದೆಯುರಿ ಎಂದು ಬಂದ ಎಲ್ಲರ ಹೊಟ್ಟೆಗೂ ಶಾಯಿ ಚುಚ್ಚಲಾಗುವುದಿಲ್ಲ. ಯಾರ ಚೂರು ಕೆಟ್ಟದ್ದು ಎಂದು ಚಿವುಟುವಾಗ ನಮಗೆ ಗೊತ್ತೇ ಇರುವುದಿಲ್ಲವಲ್ಲ.

ಉತ್ತರ ಬಂದದ್ದು ಒಬ್ಬ ರೋಗಿಯ ರೂಪದಲ್ಲಿ. ಪ್ರಕಾಶ ಕಾಂಬಳೆ ನಮ್ಮೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವರು. ಕ್ಯಾಮೆರಾ ಕಂಡದ್ದನ್ನು ಕಂಪ್ಯೂಟರಿಗೆ ಗುರುತಿಸಲು ಕಲಿಸುವುದು ಅವರ ವಿಷಯ. ಖಾರದ ಚಟ, ಊಟಕ್ಕೆ ಹೊತ್ತುಗೊತ್ತಿಲ್ಲ, ಹಾಗಾಗಿ ಹೊಟ್ಟೆಯುರಿ. ನಿದ್ದೆಯ ಚುಚ್ಚುಮದ್ದು ಬೇಡ, ನಾನು ಪರದೆ ನೋಡಬೇಕು ಎಂದು ಹಟ ಹಿಡಿದರು. ಕೊಳವೆ ಒಳಗಿದ್ದಾಗ ಮಾತಾಡುವಂತಿಲ್ಲ, ಆದರೂ ಕೈಯಿಂದ ಸನ್ನೆ ಮಾಡಿ ಏನೋ ಕೇಳಲು ಹೋದರು. ಕೊಳವೆ ತೆಗೆದು ಬಾಯಿ ಒರೆಸಿಕೊಂಡ ತಕ್ಷಣ ಕೇಳಿದ್ದು ತಮ್ಮ ಕಾಯಿಲೆಯ ಬಗ್ಗೆ ಆಗಿರಲಿಲ್ಲ.

"ಮೇಡಂ, ಮತ್ತೊಮ್ಮಿ ಬಂದಾಗ ಇದ ಜಾಗಾ ಅಂತ ಹೆಂಗ ಹಿಡೀತೀರಿ?"

ಹಿಡಿಯಲು ಆಗುವುದಿಲ್ಲ ಎಂದೆ. ಅವರು ತಲೆದಿಂಬಿನಿಂದ ಎದ್ದು ಕೂತರು. ಆಮೇಲೆ, ಹೊಸ ಊರಿನಲ್ಲಿ ಒಂದು ಸಲ ಓಡಾಡಿದ ಬೀದಿಯ ವಿಡಿಯೊ ಇದ್ದರೆ ಸಾಕು, ಎರಡನೆಯ ಸಲ ಎಲ್ಲಿ ನಿಂತಿದ್ದೇವೆ ಎಂದು ಕಂಪ್ಯೂಟರ್ ಹೇಳಬಲ್ಲದು, ಹೊಟ್ಟೆಯಲ್ಲಿ ಯಾಕಾಗಬಾರದು ಎಂದರು. ಬೀದಿ ಉಸಿರಾಡುವುದಿಲ್ಲ ಎಂದು ನಾನು ಹೇಳಿದೆ. ಆ ಮಾತು ಅವರ ತಲೆಯಲ್ಲಿ ಕೂತಿತು. ಮುಂದಿನ ವಾರ ವರದಿ ತೆಗೆದುಕೊಳ್ಳಲು ಬಂದವರು ಲ್ಯಾಪ್‌ಟಾಪ್ ಜೊತೆಗೇ ಬಂದರು.

ಅವರ ಉಪಾಯವನ್ನು ಸರಳವಾಗಿ ಹೇಳುತ್ತೇನೆ. ಮೊದಲ ಪರೀಕ್ಷೆಯ ವಿಡಿಯೊ ಇಡಿಯಾಗಿ ಉಳಿಯುತ್ತದೆ. ಮಡಿಕೆಗಳು ಕೂಡುವ ಸಂದು, ರಕ್ತನಾಳದ ಗೆರೆ, ಸಣ್ಣ ಚುಕ್ಕೆ, ಇಂಥ ನೂರಾರು ಗುರುತುಗಳನ್ನು ಕಂಪ್ಯೂಟರ್ ತಾನೇ ಆರಿಸಿ, ಅವುಗಳನ್ನು ಹೆಣೆದು ಹೊಟ್ಟೆಯ ಒಂದು ನಕಾಶೆ ಕಟ್ಟುತ್ತದೆ. ನಾವು ಚಿವುಟುವಾಗ ಕಾಲಿನಿಂದ ಒಂದು ಪೆಡಲ್ ಒತ್ತಿದರೆ ಆ ಜಾಗಕ್ಕೆ ನಂಬರು ಬೀಳುತ್ತದೆ. ಎರಡನೆಯ ಪರೀಕ್ಷೆಯಲ್ಲಿ ಕಾಣುವ ಗುರುತುಗಳನ್ನು ಹಳೆಯ ನಕಾಶೆಯೊಂದಿಗೆ ತಾಳೆ ನೋಡಿ, ಇಲ್ಲಿ ಚಿವುಟಿದ್ದಿರಿ ಎಂದು ಪರದೆಯ ಮೇಲೆ ಹಸಿರು ಉಂಗುರ ಬರೆಯುತ್ತದೆ. ನಮ್ಮ ಕೋಣೆಯ ಸಿಸ್ಟರ್ ರೇಣುಕಾ ಅದನ್ನು ಮೊದಲ ದಿನವೇ ಬಳೆ ಎಂದು ಕರೆದಳು. ಆಮೇಲೆ ನಮಗೆಲ್ಲ ಅದು ಬಳೆಯೇ.

ಮನುಷ್ಯರ ಮೇಲೆ ಪ್ರಯೋಗ ಮಾಡಲು ಅನುಮತಿ ಬೇಕು, ಅದಕ್ಕೆ ಮೊದಲು ಕೈ ಪಳಗಬೇಕು. ಕಾಂಬಳೆಯವರು ಸೊಲ್ಲಾಪುರ ರಸ್ತೆಯ ಒಂದು ಟಯರ್ ಅಂಗಡಿಯಲ್ಲಿ ಟ್ರಾಕ್ಟರಿನ ಹಳೆಯ ಟ್ಯೂಬ್ ಕತ್ತರಿಸಿ ಹೊಟ್ಟೆಯ ಆಕಾರಕ್ಕೆ ಅಂಟಿಸಿಕೊಂಡು ಬಂದರು. ಒಳಗೆ ಗುಲಾಬಿ ಬಣ್ಣ, ಕೆಂಪು ಗೆರೆ, ಒಂದಿಷ್ಟು ಮಡಿಕೆ. ಅಂಗಡಿಯವರು ಇದು ಯಾವ ಗಾಡಿಗೆ ಎಂದು ಕೇಳಿದರಂತೆ. ಮನುಷ್ಯಾಗ ಎಂದು ಇವರು ಹೇಳಿದ ಮೇಲೆ ಮುಂದೆ ಏನೂ ಕೇಳಲಿಲ್ಲವಂತೆ. ಆ ರಬ್ಬರ್ ಹೊಟ್ಟೆಯಲ್ಲಿ ಬಳೆ ಮೊದಲ ಸಲಕ್ಕೇ ಸರಿಯಾಗಿ ಕೂತಿತು. ಹತ್ತು ಸಲ ಹೋದರೂ ಕೂತಿತು. ನಾವು ಪೇಢೆ ಹಂಚಿದೆವು. ಹಂಚಿನಾಳರು ಪೇಢೆ ತಿಂದು, ಟ್ಯೂಬಿಗೆ ಹೊಟ್ಟೆನೋವು ಬಂದರೆ ನಿಮ್ಮ ಕಡೆಗೆ ಕಳಿಸುತ್ತೇನೆ ಎಂದು ಹೇಳಿ ಹೋದರು.

ಅನುಮತಿ ಬಂದ ಮೇಲೆ, ಒಪ್ಪಿದ ರೋಗಿಗಳಲ್ಲಿ ಮಾಮೂಲು ಪರೀಕ್ಷೆಯ ಜೊತೆಗೇ ಬಳೆಯನ್ನೂ ಇಟ್ಟು ನೋಡತೊಡಗಿದೆವು. ಹಂಚಿನಾಳರನ್ನು ಕರೆದು ತೋರಿಸಿದ ಮೊದಲ ಪ್ರಕರಣ ನೆನೆದರೆ ಇವತ್ತಿಗೂ ನಗು ಬರುತ್ತದೆ. ಎರಡನೆಯ ಪರೀಕ್ಷೆ, ಕೊಳವೆ ಇಳಿಯಿತು, ಬಳೆ ಬಂದೇಬಿಟ್ಟಿತು. ಆದರೆ ನೋಡುನೋಡುತ್ತ ಅದು ಹೊಟ್ಟೆಯ ತುಂಬ ಅಡ್ಡಾಡತೊಡಗಿತು. ಮಡಿಕೆಯ ಮೇಲೆ ಒಮ್ಮೆ, ಕರುಳಿಗೆ ಇಳಿಯುವ ಕೆಳಬಾಗಿಲ ಹತ್ತಿರ ಒಮ್ಮೆ. ಕಾಂಬಳೆಯವರು ಬೆವರಿ ಹಳೆಯ ವಿಡಿಯೊ ತೆಗೆದು ನೋಡಿದರೆ, ಕಂಪ್ಯೂಟರ್ ಎಲ್ಲಕ್ಕಿಂತ ಭದ್ರವಾದ ಗುರುತು ಎಂದು ಹಿಡಿದಿಟ್ಟುಕೊಂಡಿದ್ದದ್ದು ಒಂದು ಟೊಮೆಟೊ ಸಿಪ್ಪೆ. ಎರಡನೆಯ ಸಲವೂ ಆ ಮನುಷ್ಯ ಹಿಂದಿನ ದಿನ ಟೊಮೆಟೊ ತಿಂದೇ ಬಂದಿದ್ದ. ಹೊಸ ಸಿಪ್ಪೆ ಎಲ್ಲಿ ತೇಲಿತೋ ಬಳೆಯೂ ಅಲ್ಲಿಗೆ ಹೋಗುತ್ತಿತ್ತು. ಹಂಚಿನಾಳರು ಲವಂಗ ಅಗಿಯುವುದನ್ನು ನಿಲ್ಲಿಸಿ, "ಕಾಯಿಪಲ್ಲೆ ಹುಡುಕಾಕ ಚಲೋ ಐತಿ" ಎಂದರು.

ಹೊಸಬರೇ, ಆ ಟೊಮೆಟೊ ಸಿಪ್ಪೆ ನಮಗೆ ಎರಡು ಪಾಠ ಕಲಿಸಿತು. ಮೊದಲನೆಯದು ನನ್ನ ಕೈಗೆ. ಯಂತ್ರ ನೋಡಬೇಕಾದರೆ ನೋಡುವಂಥದ್ದನ್ನು ನಾನು ಅದಕ್ಕೆ ತೋರಿಸಬೇಕು. ನೊರೆ, ಲೋಳೆ, ಸಿಪ್ಪೆ ಎಲ್ಲವನ್ನೂ ನೀರು ಹಾಯಿಸಿ ತೊಳೆಯಬೇಕು. ಪ್ರತಿ ಸಲವೂ ಒಂದೇ ಕ್ರಮದಲ್ಲಿ, ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ ನಿಧಾನವಾಗಿ ಸುತ್ತಬೇಕು. ನಾನು ಅಷ್ಟು ವರ್ಷ ನನಗೆ ಕಂಡಂತೆ ಕೊಳವೆ ತಿರುಗಿಸುತ್ತಿದ್ದವಳು, ಹೊಸದಾಗಿ ಕಲಿತೆ. ಹೀಗೆ ಸುತ್ತಲು ಶುರುಮಾಡಿದ ಮೇಲೆ ಬಳೆ ಇಲ್ಲದ ದಿನವೂ ನನ್ನ ಕಣ್ಣಿಗೆ ಮುಂಚೆ ಬೀಳದಿದ್ದ ಜಾಗಗಳು ಬೀಳತೊಡಗಿದವು. ಎರಡನೆಯ ಪಾಠ ಕಾಂಬಳೆಯವರಿಗೆ. ತೇಲುವ ವಸ್ತುವನ್ನು ಬಿಟ್ಟು ಗೋಡೆಯನ್ನೇ ಹಿಡಿಯುವಂತೆ ಅವರು ಕಂಪ್ಯೂಟರಿಗೆ ತಿಂಗಳುಗಟ್ಟಲೆ ಕಲಿಸಿದರು. ಅದಕ್ಕಿಂತ ಮುಖ್ಯವಾಗಿ, ತಾಳೆ ಸರಿಯಾಗದಿದ್ದರೆ ಬಳೆಯನ್ನು ಮುಚ್ಚಿಬಿಡು ಎಂದು ಕಲಿಸಿದರು. ಗೊತ್ತಿಲ್ಲದಾಗ ಗೊತ್ತಿಲ್ಲ ಎನ್ನುವ ಯಂತ್ರವನ್ನು ಮಾತ್ರ ನಾನು ನಂಬುತ್ತೇನೆ. ಮನುಷ್ಯರಲ್ಲೂ ಅಂಥವರನ್ನೇ ನಂಬಿದ್ದೇನೆ.

ಇಷ್ಟಾಗುವ ಹೊತ್ತಿಗೆ ಕಸ್ತೂರಿ ಬಂದಳು.

ಕಸ್ತೂರಿ ತಿಕೋಟಾದವಳು. ಅಣ್ಣನ ಜೊತೆ ಸೇರಿ ದ್ರಾಕ್ಷಿ ಒಣಗಿಸುವ ಶೆಡ್ ನಡೆಸುತ್ತಿದ್ದಳು. ಸುತ್ತಿನ ಹಳ್ಳಿಗಳಿಂದ ದ್ರಾಕ್ಷಿ ಬರುತ್ತಿತ್ತು, ಮಣೂಕ ಎಂಬ ಒಣದ್ರಾಕ್ಷಿ ಆರಿಸಲು ಹೆಂಗಸರು ಬರುತ್ತಿದ್ದರು, ಎಲ್ಲರ ಮೇಲೂ ಇವಳದೇ ಹುಕುಂ. ಉಣ್ಣುವುದರಲ್ಲಿ, ಉಣಿಸುವುದರಲ್ಲಿ ಎರಡರಲ್ಲೂ ಮುಂದು. ಊಟ ಸೇರದಂತಾಗಿದೆ, ಎರಡು ತುತ್ತಿಗೆ ಹೊಟ್ಟೆ ತುಂಬಿದಂತಾಗುತ್ತದೆ ಎಂದು ಬಂದಿದ್ದಳು. ನಮ್ಮ ಪ್ರಯೋಗದ ಬಗ್ಗೆ ತಿಳಿಸಿದಾಗ, ನನ್ನ ಹೊಟ್ಟೆಯ ಸಿನಿಮಾ ಮಾಡುತ್ತೀರೇನು, ಮಾಡಿ ಎಂದು ಒಪ್ಪಿಗೆ ಕೊಟ್ಟಳು. ಕಂಡದ್ದು ಸಾಧಾರಣ ಉರಿಯೂತ. ನಾಲ್ಕು ಕಡೆ ಚಿವುಟಿ, ಪ್ರತಿ ಚೂರನ್ನೂ ಬೇರೆ ಬೇರೆ ಬಾಟಲಿಗೆ ಹಾಕಿದೆವು. ಮೂರನೆಯ ಬಾಟಲಿಯ ವರದಿ ಕೆಟ್ಟದಾಗಿ ಬಂತು. ಇನ್ನೂ ಬೇರು ಬಿಟ್ಟಿಲ್ಲ, ಆದರೆ ಬಿಡಲು ಬಹಳ ಹೊತ್ತು ಬೇಕಿಲ್ಲ ಎನ್ನುವ ಹಂತ.

ವರದಿ ಕೇಳಿ ಅವಳ ಅಣ್ಣ ಗಾಬರಿಯಾಗಿ ಬೇರೆ ಊರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಅಷ್ಟರಲ್ಲಿ ನಾವು ಕೊಟ್ಟ ಮಾತ್ರೆಯಿಂದ ಉರಿಯೂತ ಇಳಿದಿತ್ತು. ಅಲ್ಲಿಯವರು ಕೊಳವೆ ಇಳಿಸಿ ನೋಡಿದಾಗ ಏನೂ ಕಾಣಲಿಲ್ಲ. ಕಾಣದಿದ್ದರೂ ವರದಿ ಸುಳ್ಳಾಗುವುದಿಲ್ಲ, ಬೆಳೆಯುವವರೆಗೆ ಕಾಯುವುದು ಅಪಾಯ, ಹೊಟ್ಟೆಯ ಬಹುಭಾಗವನ್ನು ತೆಗೆದುಬಿಡುವುದು ಸುರಕ್ಷಿತ ಎಂದು ಸಲಹೆ ಕೊಟ್ಟರು. ಆ ಸಲಹೆ ತಪ್ಪೆಂದು ನಾನು ಹೇಳಲಾರೆ. ಸಿದ್ದರಾಮಪ್ಪನನ್ನು ಕಂಡವಳು ನಾನು. ಆದರೆ ಕಸ್ತೂರಿ ಅಲ್ಲಿಂದ ಎದ್ದು ನೇರ ನನ್ನ ಕೋಣೆಗೆ ಬಂದು ಕುರ್ಚಿಯಲ್ಲಿ ಕೂತಳು. ಅಣ್ಣ ಹಿಂದೆ ನಿಂತು, ಇವಳಿಗೆ ಬುದ್ಧಿ ಹೇಳಿ ಎನ್ನುವಂತೆ ನನ್ನ ಮುಖ ನೋಡಿದ.

"ನಮ್ಮ ಶೆಡ್ಡಿನ್ಯಾಗ ಒಂದು ಕಾಳು ಕೆಟ್ಟೈತಿ ಅಂದ್ರ ಹುಡುಕಿ ತಗೀತೀವ್ರಿ ಬಾಯಾರ, ಇಡೀ ರಾಶಿ ಒಗಿಯಂಗಿಲ್ಲ" ಎಂದಳು. "ನನ್ನ ಸಿನಿಮಾ ನಿಮ್ಮ ಕಡೆ ಐತಿ. ಹುಡುಕ್ರಿ."

ಅವಳ ದನಿ ಗಟ್ಟಿಯಾಗಿತ್ತು, ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು. ನಾನು ಸುಳ್ಳು ಭರವಸೆ ಕೊಡಲಿಲ್ಲ. ಬಳೆ ಇನ್ನೂ ಪ್ರಯೋಗದಲ್ಲಿದೆ, ಇಷ್ಟು ಮುಖ್ಯವಾದ ಕೆಲಸಕ್ಕೆ ಅದನ್ನು ಹಚ್ಚಿಲ್ಲ, ಸಿಕ್ಕದೆ ಹೋದರೆ ನೀನು ಆಪರೇಷನ್‌ಗೆ ಒಪ್ಪಬೇಕು ಎಂದೆ. ಒಂದೇ ಸಲದ ಅವಕಾಶ ಎಂದು ಮೂವರೂ ಒಪ್ಪಂದಕ್ಕೆ ಬಂದೆವು.

ಆ ದಿನ ಕೋಣೆಯಲ್ಲಿ ರೇಣುಕಾ, ಕಂಪ್ಯೂಟರಿನ ಮುಂದೆ ಕಾಂಬಳೆ, ನನ್ನ ಬೆನ್ನ ಹಿಂದೆ ಹಂಚಿನಾಳರು. ಅವರು ಆಗಲೇ ನಿವೃತ್ತರಾಗಿ ವಾರಕ್ಕೆರಡು ದಿನ ಸಲಹೆಗಾರರಾಗಿ ಬರುತ್ತಿದ್ದರು. ನಾನೇ ಕೇಳಿಕೊಂಡು ಬರಮಾಡಿಕೊಂಡಿದ್ದೆ. ಕಸ್ತೂರಿ ಎಡಮಗ್ಗುಲಾಗಿ ಮಲಗಿ, ನಿದ್ದೆಯ ಮದ್ದಿಗೆ ಕಣ್ಣು ಮುಚ್ಚಿದಳು. ಕೊಳವೆ ಇಳಿಸಿ, ತೊಳೆದು, ಕ್ರಮವಾಗಿ ಸುತ್ತಿದೆ. ಬಳೆ ಬರಲಿಲ್ಲ. ಮತ್ತೊಮ್ಮೆ ಸುತ್ತಿದೆ. ಪರದೆಯ ಮೂಲೆಯಲ್ಲಿ ತಾಳೆಯಾಗುತ್ತಿಲ್ಲ ಎಂಬ ಗುರುತು ಹಾಗೆಯೇ ಇತ್ತು.

ಕಾಂಬಳೆ ಹಳೆಯ ನಕಾಶೆಯನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದರು. ಹಿಂದಿನ ಸಲ ಹೊಟ್ಟೆ ಇದಕ್ಕಿಂತ ಹೆಚ್ಚು ಉಬ್ಬಿತ್ತು, ಇನ್ನು ಸ್ವಲ್ಪ ಗಾಳಿ ತುಂಬಿ ಎಂದರು. ತುಂಬಿದೆ. ಮಡಿಕೆಗಳು ನಿಧಾನವಾಗಿ ಬಿಡಿಸಿಕೊಂಡವು. ಸಣ್ಣ ಬಾಗಿನ ಹಿಂಬದಿಯಲ್ಲಿ, ನಾನು ಎರಡು ಸಲ ದಾಟಿ ಬಂದ ಕಡೆಯಲ್ಲಿ ಹಸಿರು ಗೆರೆಯೊಂದು ಮಿನುಗಿತು, ಪಕ್ಕದಲ್ಲಿ ಮೂರನೆಯ ಚೂರಿನ ನಂಬರು.

"ಬಳಿ ಬಂತ್ರಿ" ಎಂದಳು ರೇಣುಕಾ ಮೆಲ್ಲಗೆ.

ಅಲೆಯೊಂದು ಬಂದು ಗೋಡೆ ಮಡಚಿತು, ಬಳೆ ಅದರ ಹಿಂದೆ ಮರೆಯಾಯಿತು. ಕಾದೆ. ಗೋಡೆ ಬಿಡಿಸಿಕೊಂಡಾಗ ಬಳೆ ಅಲ್ಲೇ ಇತ್ತು. ಕೊಳವೆ ಹಿಂದಕ್ಕೆಳೆದು ಬೇರೆ ದಿಕ್ಕಿನಿಂದ ಹೋದೆ, ಆಗಲೂ ಅಲ್ಲೇ. ಆದರೆ ಅದರೊಳಗೆ ಏನೂ ಇರಲಿಲ್ಲ. ಸುತ್ತಲಿನ ಗೋಡೆಯಷ್ಟೇ ನಯ, ಅಷ್ಟೇ ಬಣ್ಣ. ಅದರಿಂದ ಎರಡು ಬೆರಳಿನಷ್ಟು ಆಚೆ ಮಾತ್ರ ಒಂದು ಕೆಂಪು ಮಚ್ಚೆ ಎದ್ದು ಕಾಣುತ್ತಿತ್ತು. ಬಳೆ ಇಲ್ಲದಿದ್ದರೆ ನಾನು ಎರಡನೆಯ ಯೋಚನೆ ಮಾಡದೆ ಅದನ್ನೇ ಚಿವುಟುತ್ತಿದ್ದೆ.

ಹಂಚಿನಾಳರಿಗೂ ಹಾಗೆಯೇ ಅನಿಸಿತು. "ಕಣ್ಣಿಗೆ ಹೊಡ್ದಂಗ ಕಾಣಾಕತ್ತೈತಿ, ಅದನ್ನ ಬಿಟ್ಟು ಸುಮ್ಮನ ಜಾಗಾ ಚಿವುಟ್ತೀರಿ?" ಎಂದು ಕೇಳಿದರು.

"ಎರಡೂ ಚಿವುಟ್ತೀನ್ರಿ ಸರ್" ಎಂದೆ. "ಬಾಟ್ಲಿ ಬ್ಯಾರೆ ಬ್ಯಾರೆ."

ಬಳೆಯೊಳಗಿಂದ ಚೂರು ತೆಗೆದೆ, ಕೆಂಪು ಮಚ್ಚೆಯಿಂದಲೂ ತೆಗೆದೆ. ಯಾವ ಬಾಟಲಿ ಯಾವುದೆಂದು ಲ್ಯಾಬಿನವರಿಗೆ ತಿಳಿಸದೆ ನಂಬರು ಮಾತ್ರ ಹಾಕಿ ಕಳಿಸಿದೆವು. ಉತ್ತರ ನಮ್ಮ ಆಸೆಯತ್ತ ವಾಲಬಾರದು ಎಂದು.

ವರದಿಗೆ ಕಾದ ದಿನಗಳಲ್ಲಿ ನನಗೆ ಎರಡೇ ಯೋಚನೆ. ಬಳೆ ತಪ್ಪಿದ್ದರೆ ಕಸ್ತೂರಿಯ ಹೊಟ್ಟೆ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಎರಡು ಚೂರುಗಳೂ ಚೊಕ್ಕ ಬಂದು ಅವಳು ಹಿಗ್ಗಿ ಆಪರೇಷನ್ ಬೇಡ ಎಂದುಬಿಟ್ಟರೆ? ಕಾಂಬಳೆ ದಿನಕ್ಕೆ ಎರಡು ಸಲ ಫೋನ್ ಮಾಡಿ, ಏನೂ ಕೇಳದೆ, ಹೇಗಿದ್ದೀರಿ ಎಂದು ಮಾತಾಡಿ ಇಡುತ್ತಿದ್ದರು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಲ್ಯಾಬಿನ ಡಾಕ್ಟರ್ ತಾವೇ ನಡೆದು ಬಂದರು. ಬಾಗಿಲಲ್ಲೇ ನಿಂತು, ಬಳೆಯೊಳಗಿನದು ಯಾವ ಬಾಟಲಿ ಎಂದು ಕೇಳಿದರು. ಮೊದಲಿನದು ಎಂದೆ.

"ಅದರಾಗನ ಐತ್ರಿ ಮೇಡಂ. ಇನ್ನೊಂದರಾಗ ಏನೂ ಇಲ್ಲ."

ನಾನು ಡಬ್ಬಿಯ ಮುಚ್ಚಳ ಹಿಡಿದುಕೊಂಡೇ ಎದ್ದು ನಿಂತೆ. ಕಾಂಬಳೆಯವರಿಗೆ ಫೋನ್ ಮಾಡಿದರೆ ಅವರು ಪಾಠ ಮಾಡುತ್ತಿದ್ದರು. ತರಗತಿಯ ಹುಡುಗರ ಎದುರಿಗೇ ಸುದ್ದಿ ಕೇಳಿ, ಕಣ್ಣು ಒರೆಸಿಕೊಂಡು, ಮತ್ತೆ ಪಾಠ ಮುಂದುವರಿಸಿದರು ಎಂದು ಆಮೇಲೆ ಗೊತ್ತಾಯಿತು. ಕೆಟ್ಟ ವರದಿ ಬಂದದ್ದಕ್ಕೆ ಡಾಕ್ಟರರು ಸಂತೋಷಪಡುವ ಸಂದರ್ಭ ಬಹಳ ಅಪರೂಪ. ಅದು ಅಂಥದ್ದು. ಜಾಗ ಸಿಕ್ಕಿತ್ತು.

ಜಾಗ ಸಿಕ್ಕ ಮೇಲೆ ಹೊಟ್ಟೆ ಕೊಯ್ಯುವ ಅಗತ್ಯ ಉಳಿಯಲಿಲ್ಲ. ರೋಗ ಒಳಪದರದಲ್ಲೇ ಇದ್ದರೆ ಆ ಪದರವನ್ನಷ್ಟೇ ಕೊಳವೆಯ ಮೂಲಕ ಸುಲಿದು ತೆಗೆಯಬಹುದು. ಅದರಲ್ಲಿ ಪಳಗಿದ ಡಾಕ್ಟರೊಬ್ಬರು ಹೊರಗಿನಿಂದ ನಮ್ಮ ಆಸ್ಪತ್ರೆಗೇ ಬಂದರು. ನೀಲಿ ಬೆಳಕು ಹಾಕಿ ಬಳೆಯೊಳಗನ್ನು ಹತ್ತಿರದಿಂದ ನೋಡಿದಾಗ, ಕಣ್ಣಿಗೆ ನಯವಾಗಿ ಕಂಡಿದ್ದ ಗೋಡೆಯಲ್ಲಿ ನೇಯ್ಗೆ ತಪ್ಪಿದ ಬಟ್ಟೆಯಂತೆ ಒಂದು ತುಣುಕು ಕಂಡಿತು. ಎಲ್ಲಿ ನೋಡಬೇಕೆಂದು ಗೊತ್ತಿದ್ದವರಿಗೆ ಮಾತ್ರ ಕಾಣುವಂಥದ್ದು. ಅದರ ಸುತ್ತ ಚುಕ್ಕೆಯಿಟ್ಟು, ಅಂಚು ಬಿಡದಂತೆ ಸುಲಿದು ತೆಗೆದರು. ನಾನು ಪಕ್ಕದಲ್ಲಿ ನಿಂತು ನೆರವಾದೆ, ಪ್ರತಿ ಚಲನೆಯನ್ನೂ ಕಲಿತೆ. ಅಂಚು ಚೊಕ್ಕ, ಆಳಕ್ಕೆ ಇಳಿದಿಲ್ಲ, ಪೂರ್ತಿ ಬಂದಿದೆ ಎಂದು ವರದಿ ಬಂದಾಗ ಕಸ್ತೂರಿಗೆ ನಾನೇ ಓದಿ ಹೇಳಿದೆ. ಅವಳು ಕೇಳಿದ್ದು, ರೊಟ್ಟಿ ಯಾವಾಗಿಂದ ತಿನ್ನಬಹುದು ಎಂದು.

ಹಂಚಿನಾಳರು ಮರುದಿನ ತಮ್ಮ ಸರದಿ ಇಲ್ಲದಿದ್ದರೂ ಬಂದರು. ಕಾಂಬಳೆಯವರ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಒರೆಸಿ ಹಾಕಿಕೊಂಡರು. "ನನಗೂ ಕಲಿಸ್ರಿ" ಎಂದರು. ಆ ವಯಸ್ಸಿನಲ್ಲಿ ಪೆಡಲ್ ಒತ್ತುವುದನ್ನೂ ಒಂದೇ ಕ್ರಮದಲ್ಲಿ ಸುತ್ತುವುದನ್ನೂ ಹುಡುಗನಂತೆ ಕಲಿತರು. ನನ್ನ ಮೇಲಧಿಕಾರಿಗಳ ಬಗ್ಗೆ ಹೇಳಬೇಕಾದ ಮಾತುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ.

ಆಮೇಲೆ ಬಳೆ ನಮ್ಮ ಕೋಣೆಯ ನಿತ್ಯದ ಉಪಕರಣವಾಯಿತು. ಹೊಟ್ಟೆಯ ಒಳಪದರ ಸವೆದು ವರ್ಷವರ್ಷವೂ ತಪಾಸಣೆಗೆ ಬರುವವರಲ್ಲಿ ಪ್ರತಿ ಸಲವೂ ಅದದೇ ಜಾಗದ ಚೂರು ತೆಗೆದು, ರೋಗ ಮುಂದುವರಿದಿದೆಯೋ ನಿಂತಿದೆಯೋ ಎಂದು ಧೈರ್ಯವಾಗಿ ಹೇಳುವಂತಾಯಿತು. ಬಿಜ್ಜರಗಿಯ ಒಬ್ಬ ಕುರಿಗಾರರು ಇದನ್ನು ಕೇಳಿ, ಎಲ್ಲ ಕುರಿಯೂ ಒಂದೇ ಥರ ಕಾಣುವುದು ಕುರಿ ಕಾಯದವರಿಗೆ ಮಾತ್ರ ಎಂದು ನಕ್ಕರು. ಎಷ್ಟೋ ಸಲ ಬಳೆ ಮುಚ್ಚಿಕೊಂಡು ಗೊತ್ತಿಲ್ಲ ಎಂದದ್ದೂ ಇದೆ. ಆಗ ನಮ್ಮ ಹಳೆಯ ಕಣ್ಣು, ಹಳೆಯ ತಾಳ್ಮೆ. ಯಂತ್ರ ಇದೆಯೆಂದು ಅವೆರಡನ್ನೂ ಕೆಳಗಿಡಬೇಡಿ.

ನಾನು ನಿವೃತ್ತಳಾಗುವ ಮುಂಚಿನ ಕೊನೆಯ ದೊಡ್ಡ ಕೆಲಸ ಬಬಲೇಶ್ವರದ ಆರೋಗ್ಯ ಶಿಬಿರ. ಹೊಟ್ಟೆಯ ತೊಂದರೆ ಇದ್ದವರನ್ನು ಗುರುತಿಸಿ ವಿಜಯಪುರಕ್ಕೆ ಪರೀಕ್ಷೆಗೆ ಕರೆತರುವುದು ಉದ್ದೇಶ. ಶಾಲೆಯ ಅಂಗಳದಲ್ಲಿ ಜನ ತುಂಬಿದ್ದರು. ಬಿಪಿ ನೋಡಿಸಿಕೊಂಡರು, ಸಕ್ಕರೆ ನೋಡಿಸಿಕೊಂಡರು. ಕೊಳವೆಯ ಮಾತು ಬಂದ ಕೂಡಲೇ ಒಬ್ಬೊಬ್ಬರೇ ಹಿಂದೆ ಸರಿದರು. ನಾನು ಪರದೆ ಹಾಕಿ, ಚಿತ್ರ ತೋರಿಸಿ, ಬಳೆಯ ಕೆಲಸವನ್ನೆಲ್ಲ ವಿವರಿಸಿದೆ. ಗೌರವದಿಂದ ಕೇಳಿದರು, ಆದರೆ ಕೂತಲ್ಲಿಂದ ಯಾರೂ ಏಳಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬ ದಪ್ಪ ಮೀಸೆಯ ಗೃಹಸ್ಥರು ಹೊಟ್ಟೆ ಹಿಡಿದುಕೊಂಡೇ ಕೂತಿದ್ದರು. ಅವರಂತೂ, ಸತ್ತರೂ ಗಂಟಲಲ್ಲಿ ಪೈಪ್ ಇಳಿಸಿಕೊಳ್ಳುವುದಿಲ್ಲ ಎಂದು ಪಕ್ಕದವರಿಗೆ ಕೇಳುವಂತೆ ಹೇಳಿದರು.

ಕಸ್ತೂರಿ ಅಲ್ಲಿಗೆ ಬರುತ್ತಾಳೆಂದು ನನಗೆ ಗೊತ್ತಿರಲಿಲ್ಲ. ರೇಣುಕಾ ಹೇಳಿ ಕರೆಸಿದ್ದಳಂತೆ. ಮೈ ತುಂಬಿಕೊಂಡು, ಇಳಕಲ್ ಸೀರೆ ಉಟ್ಟು, ಜನರ ನಡುವಿನಿಂದ ನಡೆದು ಬಂದು ನನ್ನ ಕೈಯಿಂದ ಮೈಕ್ ತೆಗೆದುಕೊಂಡಳು. ಮೈಕ್ ಬಾಯಿಂದ ದೂರ ಹಿಡಿದರೂ ಅವಳ ದನಿ ಅಂಗಳದಾಚೆಗೆ ಕೇಳುತ್ತಿತ್ತು.

"ನಾ ತಿಕೋಟಾದಾಕಿ. ನನ್ನ ಹೊಟ್ಯಾಗ ಒಂದು ಕೆಟ್ಟ ಜಾಗಾ ಇತ್ತು, ಎಲ್ಲೈತಿ ಅಂತ ಯಾರಿಗೂ ತಿಳಿದಿದ್ದಿಲ್ಲ. ಇವರು ಹುಡುಕಿ, ಅಷ್ಟನ್ನ ತಗದಾರ. ಪೈಪ್ ಇಳಸ್ಕೊಂಡಾಗ ಹೊತ್ತು ಹೋಗಿದ್ದು ಗೊತ್ತಾಗಿಲ್ಲ. ನನ್ನ ಹೊಟ್ಟಿ ನನ್ನ ಕಡೇನ ಐತಿ. ಮುಂಜಾನಿ ಮೂರು ರೊಟ್ಟಿ ತಿಂದು ಬಂದೀನಿ. ಇನ್ನ ನಿಮ್ಮ ಖುಷಿ."

ಇಷ್ಟು ಹೇಳಿ ಮೈಕ್ ನನಗೆ ಕೊಟ್ಟು, ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟಳು.

ಆಮೇಲೆ ಹೆಂಗಸರ ಸಾಲಿನಿಂದ ಸಣ್ಣ ಆಳಿನ ಒಬ್ಬಾಕೆ ಎದ್ದರು. ಸೀದಾ ಮುಂದಿನ ಸಾಲಿಗೆ ನಡೆದು, ದಪ್ಪ ಮೀಸೆಯ ಗೃಹಸ್ಥರ ತೋಳು ಹಿಡಿದು ಎಬ್ಬಿಸಿದರು. ಅವರ ಹೆಂಡತಿ.

"ಇವರ ಹೆಸರ ಬರಕೋರಿ" ಎಂದರು ರೇಣುಕಾಗೆ. "ಅದರ ಹಿಂದ ನಂದೂ."

ಮೀಸೆಯವರು ಎದುರಾಡದೆ ಹೆಸರು ಹೇಳಿದರು. ಅವರ ಹಿಂದೆ ಇಬ್ಬರು ಬಂದು ನಿಂತರು. ಆ ಇಬ್ಬರ ಹಿಂದೆ ಮತ್ತೊಬ್ಬರು. ನಾನು ತಲೆಯೆತ್ತಿ ನೋಡಿದಾಗ ಸಾಲು ಶಾಲೆಯ ಗೇಟು ದಾಟಿ ರಸ್ತೆಗೆ ಹೋಗಿತ್ತು.